ಅಂಚೆಗೆ ಹಾಕದ ಅರ್ಜಿ: ನಮ್ಮ ಭಾಗದ ಮಕ್ಕಳು ಮತ್ತು ಅರಣ್ಯ ಶಿಕ್ಷಣ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಇತಿಹಾಸ ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಬೀದರ ಕೋಟೆ, ಮಹಮೂದ್ ಗವಾನನ ಮದರಸಾ, ಔರಾದಿನ ಅಮರೇಶ್ವರ ದೇವಸ್ಥಾನ ಇವುಗಳ ಬಗ್ಗೆ ಬರೆಯಬಲ್ಲವರು ನಮ್ಮಲ್ಲಿ ಬಹಳ ಜನರಿದ್ದಾರೆ. ಇದೇ ಶಾಲೆಯಲ್ಲಿ ಓದಿ, ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ನನಗೆ ಬೇರೊಂದು ಇತಿಹಾಸ ಹೇಳಬೇಕೆನಿಸಿತು. ನೆಲ, ನೀರು, ಕಾಡುಗಳ ವಿದ್ಯೆ ಕಲಿಯಲು ನಮ್ಮ ಭಾಗದ ಬಡವರ ಮಕ್ಕಳು ಎಷ್ಟು ದೂರ ಹೋಗಬೇಕಿತ್ತು, ಆ ದೂರ ಹೇಗೆ ಕಡಿಮೆಯಾಯಿತು ಎಂಬುದೇ ಆ ಇತಿಹಾಸ.

ಮೊದಲು ನನ್ನದೇ ಕಥೆ. 1994ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಭಾಲ್ಕಿಯಲ್ಲಿ ಪಿಯುಸಿ ವಿಜ್ಞಾನ ಓದಿದೆ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಮಾಸ್ತರರು ಶಾಲೆಯ ಹಿಂದೆ ಸಸಿಮಡಿ ಮಾಡಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಬೇವು, ಹೊಂಗೆಯ ಬೀಜ ಹಾಕಿಸಿದ್ದರು. ಅಂದಿನಿಂದ ನನಗೆ ಗಿಡಗಳ ಹುಚ್ಚು. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ ಎಂದು ಉಪನ್ಯಾಸಕರೊಬ್ಬರಿಂದ ತಿಳಿದು, 1996ರಲ್ಲಿ ಅರ್ಜಿ ತರಿಸಿ ತುಂಬಿದೆ. ಅಪ್ಪ ಬೇಡ ಅನ್ನಲಿಲ್ಲ. "ಗಿಡ ಹಚ್ಚಲಾಕ ಕಾಲೇಜ್ ಬೇಕೇನೋ ತಮ್ಮಾ?" ಎಂದು ಕೇಳಿ ನಕ್ಕರು. ಆಮೇಲೆ ಕೊಟ್ಟಿಗೆಯಲ್ಲಿದ್ದ ದೇವಣಿ ಎತ್ತುಗಳ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಆಯಿತು. ಎತ್ತು ಮಾರಿದರೆ ಮುಂದಿನ ಮುಂಗಾರಿಗೆ ಬಿತ್ತನೆ ಹೇಗೆ? ಅರ್ಜಿಯನ್ನು ಅಂಚೆಗೆ ಹಾಕಲಿಲ್ಲ. ಬೀದರಿನಲ್ಲಿ ಬಿಎಸ್ಸಿ ಸೇರಿ, ಸಸ್ಯಶಾಸ್ತ್ರ ಓದಿ, ಬಿಎಡ್ ಮಾಡಿ ಶಿಕ್ಷಕನಾದೆ. ಅದರ ಬಗ್ಗೆ ದುಃಖವಿಲ್ಲ. ಆದರೆ ಶುಲ್ಕ ಎಷ್ಟು, ವಸತಿ ನಿಲಯ ಇದೆಯೇ, ವಿದ್ಯಾರ್ಥಿವೇತನ ಸಿಗುತ್ತದೆಯೇ ಎಂದು ನಾನು ಯಾರನ್ನೂ ವಿಚಾರಿಸಲಿಲ್ಲ. ವಿಚಾರಿಸದೆಯೇ ನಮ್ಮಿಂದ ಆಗದು ಎಂದು ತೀರ್ಮಾನಿಸಿದೆ. ಆ ತಪ್ಪು ನನ್ನದೇ.

ಈ ಅಂಜಿಕೆಗೆ ಹಳೆಯ ಬೇರುಗಳಿವೆ. ಭಾರತದಲ್ಲಿ ಅರಣ್ಯ ಶಿಕ್ಷಣ ಶುರುವಾದದ್ದು ಡೆಹ್ರಾಡೂನಿನಲ್ಲಿ. 1878ರಲ್ಲಿ ಅಲ್ಲಿ ಅರಣ್ಯ ಶಾಲೆ, 1906ರಲ್ಲಿ ಅರಣ್ಯ ಸಂಶೋಧನಾ ಸಂಸ್ಥೆ ಸ್ಥಾಪನೆಯಾದವು. ಸರ್ಕಾರದ ಅರಣ್ಯ ನೌಕರರನ್ನು ತಯಾರು ಮಾಡುವುದು ಆ ಶಾಲೆಯ ಉದ್ದೇಶವಾಗಿತ್ತು. ರೈತನ ಮಗ ಅರ್ಜಿ ಹಾಕಿ ಸೇರುವ ಕಾಲೇಜು ಅದಾಗಿರಲಿಲ್ಲ. ಆಗ ನಮ್ಮ ಬೀದರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುವ ಭಾಷೆ ಉರ್ದು. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಅಕ್ಷರಕ್ಕೇ ಅಷ್ಟು ಕಷ್ಟಪಟ್ಟವರಿಗೆ ಅರಣ್ಯ ವಿಜ್ಞಾನ ಕನಸಿನಲ್ಲೂ ಬರುವಂತಿರಲಿಲ್ಲ.

1948ರಲ್ಲಿ ಸಂಸ್ಥಾನ ವಿಮೋಚನೆಯಾಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಧಾರವಾಡದಲ್ಲಿ 1947ರಿಂದ ಕೃಷಿ ಕಾಲೇಜಿತ್ತು, ಬೆಂಗಳೂರಿನಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ರಾಷ್ಟ್ರೀಯ ಕೃಷಿ ಆಯೋಗವು 1976ರ ವರದಿಯಲ್ಲಿ ಸಾಮಾಜಿಕ ಅರಣ್ಯಕ್ಕೆ ಒತ್ತು ಕೊಟ್ಟಿತು. ಕಾಡು ಸರ್ಕಾರಿ ಮೀಸಲು ಅರಣ್ಯದಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲೂ ಗೋಮಾಳದಲ್ಲೂ ಬೆಳೆಯಬೇಕು ಎಂಬ ವಿಚಾರ ಬಲಗೊಂಡಿತು. 1980ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅರಣ್ಯ ಪದವಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಶಿರಸಿ ಕಾಲೇಜು ಬೆಳೆಯಿತು. 1995ರಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಇನ್ನೊಂದು ಕಾಲೇಜು ಬಂತು, ಅದು ಮುಂದೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿತು. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳು, ಆದರೆ ಎರಡೂ ಮಲೆನಾಡಿನಲ್ಲಿವೆ. ಔರಾದಿನಿಂದ ಶಿರಸಿಗೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ.

ನಮ್ಮ ಕಡೆಗೂ ಕೆಲವು ಬಾಗಿಲು ತೆರೆದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಕಡಲ ದಡದ ಮಂಗಳೂರಿನ ಮೀನುಗಾರಿಕೆ ಕಾಲೇಜು ನಮ್ಮ ಬೀದರಿನ ವಿಶ್ವವಿದ್ಯಾಲಯದ ಅಡಿಯಲ್ಲಿದೆ ಎಂದರೆ ನನ್ನ ವಿದ್ಯಾರ್ಥಿಗಳು ಈಗಲೂ ಅಚ್ಚರಿಪಡುತ್ತಾರೆ. ತೋಟಗಾರಿಕೆ ಕಾಲೇಜೂ ಬೀದರಿಗೆ ಬಂತು. ಅರಣ್ಯ ಪದವಿಗೆ ಮಾತ್ರ ದೂರ ಹೋಗುವುದು ತಪ್ಪಲಿಲ್ಲ.

ದೊಡ್ಡ ಬದಲಾವಣೆ ತಂದದ್ದು ಸಂವಿಧಾನದ 371ನೇ (ಜೆ) ವಿಧಿ. 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಂತೆ 2013ರಲ್ಲಿ ಪ್ರವೇಶದ ಆದೇಶ ಹೊರಟಿತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8ರಷ್ಟು ಸೀಟುಗಳು ನಮ್ಮ ಮಕ್ಕಳಿಗೆ ಮೀಸಲಾದವು. ಎಂಟು ಎಂಬುದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಶಿರಸಿ, ಪೊನ್ನಂಪೇಟೆಯಂಥ ಕಡೆ ನಮ್ಮ ಮಕ್ಕಳಿಗೆ ದಾರಿ ಮಾಡಿದ್ದು ಆ ಎಂಟೇ.

2014ರ ಬೇಸಿಗೆಯಲ್ಲಿ ಔರಾದ ಹತ್ತಿರದ ತಾಂಡಾದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಂದಿಗೆ ಬಂದಳು. ಬೀದರಿನಲ್ಲಿ ಪಿಯುಸಿ ಮುಗಿಸಿದ್ದಳು. ಒಂದು ಖಾಸಗಿ ಕಾಲೇಜಿನವರು ಪರಿಸರ ವಿಷಯದ ಪದವಿ ಇದೆ, ಈಗಲೇ ಮುಂಗಡ ಕಟ್ಟಿ ಅಂದಿದ್ದರಂತೆ. ನಾನು ಖಾಲಿ ತರಗತಿಯಲ್ಲಿ ಕೂರಿಸಿ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿದೆ. ಒಂದು ವರ್ಷದ ಶುಲ್ಕವಲ್ಲ, ಪೂರ್ತಿ ಪದವಿಯ ಖರ್ಚು: ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ಕ್ಷೇತ್ರ ಪ್ರವಾಸ, ವರ್ಷಕ್ಕೆ ಎರಡು ಸಲ ಊರಿಗೆ ಬಂದು ಹೋಗುವ ಬಸ್ಸು. ಇನ್ನೊಂದು ಬದಿಗೆ ಸಿಗಬಹುದಾದ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ಸರ್ಕಾರಿ ವಸತಿ ನಿಲಯ ಬರೆದೆ. ಎರಡನ್ನೂ ಕಳೆದು ನೋಡಿದರೆ ದೂರದ ಸರ್ಕಾರಿ ಕಾಲೇಜೇ ಹತ್ತಿರದ ಖಾಸಗಿ ಕಾಲೇಜಿಗಿಂತ ಅಗ್ಗವಾಗಿತ್ತು. 1996ರಲ್ಲಿ ಈ ಲೆಕ್ಕವನ್ನೇ ನಾನು ಹಾಕಿರಲಿಲ್ಲ.

ಅವಳ ತಾಯಿ ಕೇಳಿದ್ದು ಒಂದೇ ಮಾತು: "ಸರ್, ನಿಮ್ಮ ಮಗಳಾಗಿದ್ರ ಕಳಿಸ್ತಿದ್ರಾ?" ಆಗ ನಾನು ಅಂಚೆಗೆ ಹಾಕದ ನನ್ನ ಅರ್ಜಿಯ ಕಥೆ ಹೇಳಿದೆ. ಆ ದಿನದವರೆಗೂ ಅದನ್ನು ಯಾರಿಗೂ ಹೇಳಿರಲಿಲ್ಲ.

ಅರ್ಹತಾ ಪ್ರಮಾಣಪತ್ರಕ್ಕಾಗಿ ಉಪವಿಭಾಗಾಧಿಕಾರಿ ಕಚೇರಿಗೆ ಓಡಾಡಿದೆವು. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸಬೇಕು. ಉದ್ದು, ಹೆಸರು, ತೊಗರಿಯ ಹೊಲದಲ್ಲಿ ಬೆಳೆದವಳಿಗೆ ಅದೇನು ಕಷ್ಟ? ಶಿರಸಿಯಲ್ಲಿ ಸೀಟು ಸಿಕ್ಕಿತು. ಮೊದಲ ಮಳೆಗಾಲದಲ್ಲಿ ಫೋನ್ ಮಾಡಿ, "ಸರ್, ಇಲ್ಲಿ ಬಟ್ಟೆ ಒಣಗಲ್ಲ, ಜೋಳದ ರೊಟ್ಟಿ ಸಿಗಲ್ಲ" ಎಂದು ಅತ್ತಳು. ನಾಲ್ಕು ವರ್ಷ ಓದಿ ಮುಗಿಸಿದಳು. ವಲಯ ಅರಣ್ಯಾಧಿಕಾರಿ ಹುದ್ದೆ ಮೊದಲ ಯತ್ನದಲ್ಲಿ ಸಿಗಲಿಲ್ಲ. ಆ ನೇಮಕಾತಿಯಲ್ಲಿ ಅರಣ್ಯ ಪದವೀಧರರಿಗಿರುವ ಮೀಸಲು ಪಾಲು ಕಾಲಕಾಲಕ್ಕೆ ಬದಲಾಗಿದೆ, ಅದಕ್ಕಾಗಿ ವಿದ್ಯಾರ್ಥಿಗಳು ಹೋರಾಟವನ್ನೂ ಮಾಡಿದ್ದಾರೆ. ಪದವಿ ಸಿಕ್ಕ ಕೂಡಲೇ ನೌಕರಿ ಎಂದು ಯಾವ ಮಗುವಿಗೂ ನಾನು ಹೇಳುವುದಿಲ್ಲ. ಅವಳು ಈಗ ಜಲಾನಯನ ಯೋಜನೆಯೊಂದರಲ್ಲಿ ಕೆಲಸ ಮಾಡುತ್ತ ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ.

ಕಾಡೇ ಕಡಿಮೆ ಇರುವ ಜಿಲ್ಲೆಗೆ ಅರಣ್ಯ ವಿದ್ಯೆ ಏಕೆ ಎನ್ನುವವರಿದ್ದಾರೆ. ಕಡಿಮೆ ಇರುವುದರಿಂದಲೇ ಬೇಕು. ನಮ್ಮ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ. ಮಾಂಜ್ರಾ ನದಿ, ಕಾರಂಜಾ ಜಲಾಶಯಗಳಿವೆ. ಬಹಮನಿ ಅರಸರ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಕೆಂಪು ಜಂಬಿಟ್ಟಿಗೆಯನ್ನು ಕೊರೆದು, ನೆಲದೊಳಗಿನ ನೀರನ್ನು ಸುರಂಗದಲ್ಲಿ ಹರಿಸಿದ ಕಾರೇಜ್ ಇದೆ. ಮಣ್ಣು, ಕಲ್ಲು, ನೀರಿನ ಗುಣ ಬಲ್ಲವರು ಈ ನೆಲದಲ್ಲಿ ಹಿಂದೆಯೇ ಕೆಲಸ ಮಾಡಿದ್ದರು ಎಂಬುದಕ್ಕೆ ಅದೇ ಸಾಕ್ಷಿ.

ಈಗಿನ ವಿದ್ಯಾರ್ಥಿಗಳಿಗೆ ನನ್ನ ಕಿವಿಮಾತು ಇಷ್ಟೇ. ಕಾಲೇಜು ಸರ್ಕಾರಿಯೋ ಖಾಸಗಿಯೋ, ಪದವಿಗೆ ಮಾನ್ಯತೆ ಇದೆಯೋ, ನೇಮಕಾತಿ ನಿಯಮದಲ್ಲಿ ಆ ಪದವಿಯ ಹೆಸರಿದೆಯೋ ಎಂದು ಮೊದಲು ವಿಚಾರಿಸಿ. ಪೂರ್ತಿ ಪದವಿಯ ಖರ್ಚನ್ನು ಕಾಗದದ ಮೇಲೆ ಬರೆಯಿರಿ. ದೂರ ಹೋಗಲಾಗದಿದ್ದರೆ ಬೀದರಿನಲ್ಲೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದೊಂದಿಗೆ ಬಿಎಸ್ಸಿ ಓದಿ ಸ್ನಾತಕೋತ್ತರಕ್ಕೆ ಮುಂದೆ ಹೋಗಬಹುದು. ಅದೂ ಗೌರವದ ದಾರಿಯೇ. ಆದರೆ ವಿಚಾರಿಸುವ ಮೊದಲೇ ಆಗದು ಅನ್ನಬೇಡಿ.

ಶಾಲೆಯ ಹಿಂದೆ ನಾವು ಹಚ್ಚಿದ ಬೇವಿನ ಗಿಡಗಳಲ್ಲಿ ಮೂರು ಉಳಿದಿವೆ. ಅವುಗಳ ನೆರಳಲ್ಲೇ ಪ್ರತಿವರ್ಷ ಹತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಈ ಲೆಕ್ಕ ಹೇಳಿಕೊಡುತ್ತೇನೆ. ನನ್ನ ಹಳೆಯ ಅರ್ಜಿ ಮನೆಯ ಟ್ರಂಕಿನಲ್ಲಿ ಇನ್ನೂ ಇದೆ. ಈ ಶಾಲೆಯ ಯಾವ ಮಗುವಿನ ಅರ್ಜಿಯೂ ಹಾಗೆ ಟ್ರಂಕಿನಲ್ಲಿ ಉಳಿಯದಿರಲಿ ಎಂಬುದೇ ಈ ಸುವರ್ಣ ಮಹೋತ್ಸವದಲ್ಲಿ ನನ್ನ ಹಾರೈಕೆ.