ಜೋಗಿಯಾ: ಮೂರು ನಿಮಿಷಗಳ ಆಸ್ತಿ

ಹಿಂದೂಸ್ತಾನಿ ಸಂಗೀತದಲ್ಲಿ ರಾಗಗಳಿಗೆ ಗೊತ್ತಾದ ವೇಳೆಯುಂಟು. ಜೋಗಿಯಾ ಬೆಳಗಿನ ಜಾವದ ರಾಗ. ಕೋಮಲ ರಿಷಭ ಹಾಗೂ ಕೋಮಲ ಧೈವತ ಅದರ ಜೀವಾಳ. ವಿರಹ, ವೈರಾಗ್ಯ ಅದರ ಭಾವ. ಈ ರಾಗದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಹಾಡಿದ ಠುಮ್ರಿ ಇಂದಿಗೂ ಕೇಳಲು ಸಿಗುತ್ತದೆ.

ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾಯನ ಮಾತ್ರ. ಕಛೇರಿಯಲ್ಲಿ ದೀರ್ಘವಾಗಿ ಹಾಡುವವರಿಗೆ ಇದು ಇಕ್ಕಟ್ಟು. ಆದರೂ ಖಾನ್ ಸಾಹೇಬರ ದನಿಯಲ್ಲಿ ಅವಸರವಿಲ್ಲ. ಒಂದೊಂದು ಸ್ವರವೂ ನೆಲೆ ನಿಂತು ಮುಂದೆ ಸಾಗುತ್ತದೆ.

ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಅವರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ಮುಂದೆ ಮಿರಜ್‌ನಲ್ಲಿ ನೆಲೆಸಿದರು. ಮೈಸೂರು ಅರಮನೆಯಲ್ಲೂ ಹಾಡಿದರು. ಅವರ ಶಿಷ್ಯರಾದ, ಧಾರವಾಡ ಜಿಲ್ಲೆಯ ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರೆಂದು ಖ್ಯಾತರಾದರು. ಅವರ ಬಳಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. 1933ರಲ್ಲಿ ಬಾಲಕ ಭೀಮಸೇನ ಗುರುವನ್ನರಸಿ ಮನೆ ಬಿಡಲು ಪ್ರೇರಣೆಯಾದದ್ದೂ ಖಾನ್ ಸಾಹೇಬರ ಇನ್ನೊಂದು ಠುಮ್ರಿಯ ತಟ್ಟೆಯೇ. ಉಸ್ತಾದರನ್ನು ಕಾಣದ ಹುಡುಗನಿಗೂ ಅವರ ದನಿ ದಾರಿ ತೋರಿತು.

ಖಾನ್ ಸಾಹೇಬರ ಸಮಾಧಿ ಮಿರಜ್‌ನ ದರ್ಗಾದ ಆವರಣದಲ್ಲಿದೆ. ಅಲ್ಲಿ ಉರುಸಿನಲ್ಲಿ ಅವರ ನೆನಪಿಗೆ ಸಂಗೀತೋತ್ಸವ ನಡೆಯುತ್ತದೆ. ನಾನಾ ಮತದ ಕಲಾವಿದರು ಬಂದು ಹಾಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಸಂಗೀತ ಯಾರ ಸೊತ್ತು ಎಂಬ ವಾದ ಆಗಾಗ ಏಳುತ್ತದೆ. ಕೈರಾನಾದ ಮುಸ್ಲಿಂ ಉಸ್ತಾದರ ವಿದ್ಯೆ ಕುಂದಗೋಳದ ಬ್ರಾಹ್ಮಣ ಶಿಷ್ಯರ ಮೂಲಕ ಕನ್ನಡ ನಾಡಿನ ಹೆಮ್ಮೆಯಾಯಿತು. ವಿದ್ಯೆ ಕಲಿತವರದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಒಂದು ಮುಂಜಾನೆ ಬಿಡುವು ಮಾಡಿಕೊಂಡು ಆ ಜೋಗಿಯಾ ಕೇಳಿ.