ಮೂರನೆಯ ತಂಡದ ಮೇಷ್ಟರು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಹತ್ತು ಗಜ ಮುಂದೆ ಸಾಗಲು ಒಂದು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಮೂರರಲ್ಲಿ ಆಗಲಿಲ್ಲವೆಂದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ, ಇದು ಪಂಟ್. ಕಂಬಗಳು ಹತ್ತಿರವಿದ್ದರೆ ಅವುಗಳ ನಡುವೆ ಒದ್ದು ಮೂರು ಅಂಕ ಪಡೆಯುತ್ತಾರೆ. ಇದು ಫೀಲ್ಡ್ ಗೋಲ್. ಆಟ ಶುರುವಾಗುವುದೂ, ಅಂಕ ಬಂದಮೇಲೆ ಮತ್ತೆ ಮುಂದುವರಿಯುವುದೂ ಕಿಕ್‌ಆಫ್‌ನಿಂದ. ಎಲ್ಲ ಸೇರಿದರೆ ಒಂದು ಪಂದ್ಯದ ಐದಾರು ಯತ್ನಗಳಲ್ಲಿ ಒಂದು ಈ ಜಾತಿಯದು. ದಾಳಿಯವರದೂ ಅಲ್ಲದ, ರಕ್ಷಣೆಯವರದೂ ಅಲ್ಲದ ಈ ಕೆಲಸಕ್ಕೆ ಇಳಿಯುವ ಗುಂಪುಗಳಿಗೆ ಸ್ಪೆಷಲ್ ಟೀಮ್ಸ್ ಎಂದು ಹೆಸರು. ಅವುಗಳನ್ನು ತಯಾರು ಮಾಡುವ ಕೋಚ್‌ನ ವೃತ್ತಿಗೆ ಇನ್ನೂ ಅರವತ್ತು ವರ್ಷವೂ ತುಂಬಿಲ್ಲ. ತಂಡದ ಮಾಲೀಕರು ಇವತ್ತಿಗೂ ಈ ಹುದ್ದೆಯನ್ನು ಎಲೆಯ ತುದಿಯ ಉಪ್ಪಿನಕಾಯಿಯಂತೆ ನೋಡುತ್ತಾರೆ. ಆದರೆ ಇದರ ಚರಿತ್ರೆಯನ್ನು ಓದಿದರೆ ಬೇರೆಯದೇ ತೋರುತ್ತದೆ: ಮುಖ್ಯ ಕೋಚ್ ಆಗುವವನಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಆ ಆಟದಲ್ಲಿ ಇನ್ನೊಂದಿಲ್ಲ.

ಈ ಹುದ್ದೆಯನ್ನು ಹುಟ್ಟಿಸಿದ್ದು ಒಂದು ನಿಯಮ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು ಎಂಬ ಅನುಮತಿಯನ್ನು ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 1950ರಲ್ಲಿ ಕಾಯಂ ಮಾಡಿತು. ಅದಕ್ಕೆ ಮೊದಲು ದಾಳಿಗೂ ರಕ್ಷಣೆಗೂ ಬಹುಪಾಲು ಅದೇ ಹನ್ನೊಂದು ಜನ ನಿಲ್ಲುತ್ತಿದ್ದರು, ಒದೆಯುವವನೂ ಅವರಲ್ಲೇ ಒಬ್ಬ. ಆ ಪದ್ಧತಿ ಒಂದೇ ದಿನಕ್ಕೆ ಅಳಿಯಲಿಲ್ಲ. ಅದೇ 1950ರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ 30-28ರ ಗೆಲುವು ತಂದ ಕಿಕ್ ಲೂ ಗ್ರೋಝಾ ಅವರದು, ಮತ್ತು ಗ್ರೋಝಾ ದಾಳಿಯ ಸಾಲಿನಲ್ಲಿ ಮೈಕೊಟ್ಟು ನಿಲ್ಲುವ ಟ್ಯಾಕಲ್ ಕೂಡ ಆಗಿದ್ದರು. ಆದರೆ ಹೊಸ ನಿಯಮದಡಿ ತಂಡ ಇಬ್ಭಾಗವಾಗುತ್ತ ಹೋಯಿತು. ಎರಡೂ ಭಾಗಗಳಿಗೆ ಬೇರೆ ಬೇರೆ ಕೋಚ್‌ಗಳು ಬಂದರು, ನಡುವಿನ ಯತ್ನಗಳು ಮಾತ್ರ ಹೇಳುವವರು ಕೇಳುವವರಿಲ್ಲದೆ ಉಳಿದವು. ಹಂಗೇರಿಯಿಂದ ಓಡಿ ಬಂದ ಕುಟುಂಬದ ಪೀಟ್ ಗೊಗೊಲಾಕ್ 1964ರಲ್ಲಿ ಬಫಲೊ ತಂಡಕ್ಕಾಗಿ ಸಾಕರ್ ಶೈಲಿಯಲ್ಲಿ, ಪಾದದ ಪಕ್ಕದಿಂದ ಚೆಂಡನ್ನು ಒದೆಯತೊಡಗಿದ ಮೇಲೆ ಕಿಕ್ಕರ್ ಎಂಬುವನು ಬೇರೇನೂ ಮಾಡದ ಪರಿಣತನಾದ. ಅವನ ಮುಂದೆ ಗೋಡೆಯಾಗಿ ನಿಲ್ಲುವ, ಒದ್ದ ಚೆಂಡಿನ ಹಿಂದೆ ಓಡುವ ಉಳಿದ ಹತ್ತು ಜನರಿಗೆ ಪಾಠ ಹೇಳುವವರು ಆಗಲೂ ಇರಲಿಲ್ಲ.

ಆ ಜಾಗ ತುಂಬಿದ್ದು 1969ರಲ್ಲಿ. ಫಿಲಡೆಲ್ಫಿಯಾದಲ್ಲಿ ಜೆರಿ ವಿಲಿಯಮ್ಸ್ ಅವರು ಮಾರ್ವ್ ಲೀವಿಯವರನ್ನೂ, ಲಾಸ್ ಏಂಜಲೀಸ್ ರ‍್ಯಾಮ್ಸ್‌ನಲ್ಲಿ ಜಾರ್ಜ್ ಆಲೆನ್ ಅವರು ಡಿಕ್ ವರ್ಮೀಲ್ ಅವರನ್ನೂ ಇದೊಂದೇ ಕೆಲಸಕ್ಕಾಗಿ ನೇಮಿಸಿಕೊಂಡರು. ಇಬ್ಬರಲ್ಲಿ ಯಾರು ಮೊದಲು ಎಂಬ ತಕರಾರು ನನಗೆ ಮುಖ್ಯವಲ್ಲ. ಇಬ್ಬರೂ ಮುಂದೆ ಮುಖ್ಯ ಕೋಚ್‌ಗಳಾಗಿ ಹಾಲ್ ಆಫ್ ಫೇಮ್ ಸೇರಿದರು ಎಂಬುದು ಮುಖ್ಯ. ಆಲೆನ್ ಅವರು ಲೀವಿಯವರನ್ನೂ ಮರುವರ್ಷವೇ ಸೆಳೆದುಕೊಂಡು, 1971ರಲ್ಲಿ ತಮ್ಮ ಜೊತೆ ವಾಷಿಂಗ್ಟನ್‌ಗೆ ಕರೆದೊಯ್ದರು. 1973ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಆ ತಂಡ ಮಯಾಮಿಗೆ 14-7ರಿಂದ ಸೋತಿತು. ಆ ಏಳು ಅಂಕಗಳು ದಾಳಿಯವರು ಗಳಿಸಿದ್ದಲ್ಲ. ಮಯಾಮಿಯ ಫೀಲ್ಡ್ ಗೋಲನ್ನು ವಾಷಿಂಗ್ಟನ್‌ನವರು ಕೈಯೊಡ್ಡಿ ತಡೆದರು. ಮರಳಿ ಬಂದ ಚೆಂಡನ್ನು ಹಿಡಿದ ಕಿಕ್ಕರ್ ಗ್ಯಾರೋ ಯೆಪ್ರೆಮಿಯನ್ ಅದನ್ನು ಎಸೆಯಲು ಹೋಗಿ ಜಾರಿಸಿಕೊಂಡರು. ಮೈಕ್ ಬಾಸ್ ಅದನ್ನು ಕಸಿದು 49 ಗಜ ಓಡಿದರು. ನೋಡುವವರಿಗೆ ಅದು ನಗೆಪಾಟಲು. ಆದರೆ ಕಿಕ್ಕನ್ನು ತಡೆಯುವುದು ಕಲಿಸಿ ಬರುವ ವಿದ್ಯೆ. ಸಾಲಿನ ಯಾವ ಸಂದಿನಲ್ಲಿ ನುಗ್ಗಬೇಕು, ಕೈ ಯಾವಾಗ ಎತ್ತಬೇಕು ಎಂಬುದು ವಾರವಿಡೀ ತಾಲೀಮು ಮಾಡಿದವರಿಗಷ್ಟೇ ಒಲಿಯುತ್ತದೆ.

ಕಿಕ್ಕರ್ ಚೆನ್ನಾಗಿ ಒದ್ದರೆ ಗೆಲುವು, ಇಲ್ಲದಿದ್ದರೆ ಸೋಲು, ಇದರಲ್ಲಿ ಕೋಚ್‌ನದೇನು ಎಂದು ಕೇಳುವವರಿದ್ದಾರೆ. ಅವರಿಗೆ 2010ರ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡವನ್ನು ತೋರಿಸಬೇಕು. ಆ ವರ್ಷ ಗಳಿಸಿದ ಗಜಗಳ ಲೆಕ್ಕದಲ್ಲಿ ಅವರ ದಾಳಿ ಲೀಗ್‌ಗೇ ಮೊದಲನೆಯದು. ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ ಅವರ ರಕ್ಷಣೆಯೂ ಮೊದಲನೆಯದು. ಆದರೂ 16 ಪಂದ್ಯಗಳಲ್ಲಿ 9 ಗೆದ್ದು 7 ಸೋತು ಪ್ಲೇಆಫ್‌ಗೇ ಹೋಗಲಿಲ್ಲ. ಮೊದಲ ಪಂದ್ಯದಲ್ಲೇ ಕ್ಯಾನ್ಸಸ್ ಸಿಟಿಯವರು ಪಂಟ್ ಒಂದನ್ನು 94 ಗಜ ಓಡಿ ಅಂಕವಾಗಿಸಿದರು. ಸ್ಯಾನ್ ಡಿಯಾಗೊ 21-14ರಿಂದ ಸೋತಿತು. ಮೂರನೆಯದರಲ್ಲಿ ಸಿಯಾಟಲ್‌ನ ಲಿಯಾನ್ ವಾಷಿಂಗ್ಟನ್ ಒಬ್ಬರೇ ಎರಡು ಕಿಕ್‌ಆಫ್‌ಗಳನ್ನು ಮೈದಾನದ ಆ ತುದಿಯಿಂದ ಈ ತುದಿಗೆ ತಂದರು. ಸೋಲಿನ ಅಂತರ ಏಳೇ ಅಂಕ. ಆಮೇಲೆ ಓಕ್‌ಲ್ಯಾಂಡ್‌ನಲ್ಲಿ ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ ಎರಡು ಪಂಟ್‌ಗಳಿಗೆ ಎದುರಾಳಿಗಳ ಕೈ ಅಡ್ಡ ಬಂತು. ಈ ಮೂರೂ ಪಂದ್ಯಗಳಲ್ಲಿ ಎಡವಿದ್ದು ಒದ್ದವನ ಕಾಲಲ್ಲ, ಅವನ ಸುತ್ತಲಿನ ಹತ್ತು ಜನರ ಏರ್ಪಾಡು.

ಹಾಗೆಂದು ಈ ಹುದ್ದೆಯಲ್ಲಿ ಪಳಗಿದವರೆಲ್ಲ ಮುಖ್ಯ ಕೋಚ್ ಆಗಿ ಮಿಂಚಿದರೆಂದು ಹೇಳಲು ಬಾರದು. ವಿರೋಧದ ಸಾಕ್ಷ್ಯಗಳಲ್ಲಿ ಬಲವಾದದ್ದು ಫ್ರಾಂಕ್ ಗ್ಯಾನ್ಸ್ ಅವರದು. 1986ರ ಡಿಸೆಂಬರ್‌ನಲ್ಲಿ ಪ್ಲೇಆಫ್ ಪ್ರವೇಶ ತೀರ್ಮಾನವಾಗುವ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ಪಿಟ್ಸ್‌ಬರ್ಗನ್ನು 24-19ರಿಂದ ಸೋಲಿಸಿತು; ಇಪ್ಪತ್ನಾಲ್ಕೂ ಅಂಕಗಳು ಗ್ಯಾನ್ಸ್ ಅವರ ಸ್ಪೆಷಲ್ ಟೀಮ್ಸ್‌ನವು. ಋತು ಮುಗಿಯುತ್ತಲೇ ಮುಖ್ಯ ಕೋಚ್ ಜಾನ್ ಮ್ಯಾಕೋವಿಕ್ ಅವರನ್ನು ತೆಗೆದು ಆ ಕುರ್ಚಿಯಲ್ಲಿ ಗ್ಯಾನ್ಸ್ ಅವರನ್ನು ಕೂರಿಸಿದರು. ಎರಡು ವರ್ಷಗಳಲ್ಲಿ ಅವರಿಗೆ ದಕ್ಕಿದ್ದು ಎಂಟೇ ಗೆಲುವು. ಇತ್ತೀಚೆಗೆ ನ್ಯೂಯಾರ್ಕ್ ಜೈಂಟ್ಸ್‌ನ ಜೋ ಜಜ್ ಅವರೂ ಎರಡೇ ವರ್ಷಕ್ಕೆ ಹೊರಟುಹೋದರು. ಒಪ್ಪಿದೆ. ಆದರೆ ದಾಳಿಯ ಪರಿಣತರು ಮುಖ್ಯ ಕೋಚ್ ಆಗಿ ಸೋತಾಗ ದಾಳಿಯ ಕೋಚ್‌ಗಳೇ ಅಯೋಗ್ಯರೆಂದು ಯಾರೂ ಷರಾ ಬರೆಯುವುದಿಲ್ಲ. ಆ ವ್ಯಕ್ತಿ ಸೋತ ಎನ್ನುತ್ತಾರೆ. ಸ್ಪೆಷಲ್ ಟೀಮ್ಸ್‌ನವನು ಸೋತರೆ ಮಾತ್ರ ತಪ್ಪು ಹುದ್ದೆಯ ತಲೆಗೆ. ಗ್ಯಾನ್ಸ್ ಅವರೇ ಮುಂದೆ ವರ್ಮೀಲ್ ಅವರ ಕೈಕೆಳಗೆ ತಮ್ಮ ಹಳೆಯ ಕೆಲಸಕ್ಕೆ ಮರಳಿ, 1999ರ ಋತುವಿನಲ್ಲಿ ಸೇಂಟ್ ಲೂಯಿಸ್ ಜೊತೆ ಸೂಪರ್ ಬೌಲ್ ಗೆದ್ದರು.

ಈ ಹುದ್ದೆ ಕಲಿಸುವುದಾದರೂ ಏನು? ದಾಳಿಯ ಕೋಚ್‌ಗೆ ತಂಡದ ಅರ್ಧ ಜನ ಗೊತ್ತು, ರಕ್ಷಣೆಯವನಿಗೆ ಇನ್ನರ್ಧ. ಸ್ಪೆಷಲ್ ಟೀಮ್ಸ್ ಕೋಚ್ ಎರಡೂ ಕಡೆಯಿಂದ ಎರಡನೇ ಸಾಲಿನವರನ್ನು, ಹೊಸಬರನ್ನು, ನಾಳೆ ಕೆಲಸ ಉಳಿಯುವುದೋ ಇಲ್ಲವೋ ಎನ್ನುವವರನ್ನು ಆಯ್ದು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಯಾರನ್ನು ತಾರೆ ಮಾಡಬಹುದೆಂದು ಅಲ್ಲಿ ತಿಳಿಯುವುದಿಲ್ಲ, ಯಾರನ್ನು ನಂಬಬಹುದೆಂದು ತಿಳಿಯುತ್ತದೆ. 1986ರಲ್ಲಿ ಬಫಲೊದ ಮುಖ್ಯ ಕೋಚ್ ಆದ ಲೀವಿ, ಹ್ಯೂಸ್ಟನ್ ಬಿಟ್ಟುಕೊಟ್ಟ ಸ್ಟೀವ್ ಟಾಸ್ಕರ್ ಅವರನ್ನು ಆ ಋತುವಿನಲ್ಲೇ ಸೇರಿಸಿಕೊಂಡರು. ಪಂಟ್‌ನ ಹಿಂದೆ ಓಡುವುದನ್ನೇ ಕಸುಬಾಗಿಸಿಕೊಂಡ ಟಾಸ್ಕರ್ ಏಳು ಸಲ ಪ್ರೋ ಬೌಲ್ ಎಂಬ ತಾರೆಯರ ಪಂದ್ಯಕ್ಕೆ ಆಯ್ಕೆಯಾದರು. ಲೀವಿಯವರ ಬಫಲೊ ಸತತ ನಾಲ್ಕು ಸೂಪರ್ ಬೌಲ್ ಆಡಿತು, ನಾಲ್ಕನ್ನೂ ಸೋತಿತು. ಮೊದಲನೆಯದರಲ್ಲಿ, 1991ರ ಜನವರಿಯಲ್ಲಿ, ಕೊನೆಯ ಕ್ಷಣದಲ್ಲಿ ಸ್ಕಾಟ್ ನಾರ್ವುಡ್ 47 ಗಜದಿಂದ ಒದ್ದ ಚೆಂಡು ಬಲಗಂಬದ ಆಚೆ ಹೋಗಿ ಪಂದ್ಯ 20-19ಕ್ಕೆ ನಿಂತಿತು. ವಿಧಿಯ ಕುಚೋದ್ಯವೆಂದರೆ, ಅಂದು ಎದುರಾಳಿ ಜೈಂಟ್ಸ್‌ನ ರಕ್ಷಣೆಯನ್ನು ನಡೆಸಿದ ಬಿಲ್ ಬೆಲಿಚಿಕ್ 1979ರಲ್ಲಿ ಆ ತಂಡಕ್ಕೆ ಬಂದದ್ದು ಸ್ಪೆಷಲ್ ಟೀಮ್ಸ್ ಕೋಚ್ ಆಗಿ.

ಜಾನ್ ಹಾರ್ಬಾ ಫಿಲಡೆಲ್ಫಿಯಾದಲ್ಲಿ ಒಂಬತ್ತು ವರ್ಷ ಈ ಕೆಲಸ ಮಾಡಿದರು. ಆದರೂ ಬಾಲ್ಟಿಮೋರ್‌ನ ಮುಖ್ಯ ಕೋಚ್ ಆಗುವ ಮುನ್ನ ಒಂದು ವರ್ಷ ರಕ್ಷಣೆಯ ಹಿಂಸಾಲನ್ನು ನೋಡಿಕೊಂಡು ಬರಬೇಕಾಯಿತು, ಮಡಿ ಉಟ್ಟು ಒಳಗೆ ಬಂದ ಹಾಗೆ. 2013ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಅವರ ತಂಡದ ಜಕೋಬಿ ಜೋನ್ಸ್ ಕಿಕ್‌ಆಫ್ ಒಂದನ್ನು 108 ಗಜ ಓಡಿಸಿದರು. ನನಗೆ ಅದಕ್ಕಿಂತ ಹಿಡಿಸುವುದು ಆ ಪಂದ್ಯದ ಕೊನೆ. 12 ಸೆಕೆಂಡ್ ಉಳಿದಿರುವಾಗ ಪಂಟರ್ ಸ್ಯಾಮ್ ಕಾಕ್ ಚೆಂಡನ್ನು ಒದೆಯದೆ ತಮ್ಮದೇ ಕೊನೆಯ ಅಂಗಳದಲ್ಲಿ ಸುತ್ತಾಡಿ, ಎಂಟು ಸೆಕೆಂಡ್ ತಿಂದು, ಗೆರೆ ದಾಟಿ ಬೇಕೆಂದೇ ಎರಡು ಅಂಕ ಬಿಟ್ಟುಕೊಟ್ಟರು. 34-31. ಎರಡು ಅಂಕಕ್ಕಿಂತ ಎಂಟು ಸೆಕೆಂಡ್ ತೂಕದ್ದು ಎಂಬ ಲೆಕ್ಕ ಮೂರನೆಯ ತಂಡದವರ ಮನೆಪಾಠ.

ಕಿಕ್‌ಆಫೇ ಸಾಯುತ್ತಿರುವಾಗ ಈ ಹುದ್ದೆಗೆ ಭವಿಷ್ಯವೆಲ್ಲಿ ಎಂಬುದು ಕೊನೆಯ ಆಕ್ಷೇಪ. ಪೂರ್ಣ ವೇಗದಲ್ಲಿ ಡಿಕ್ಕಿ ಹೊಡೆದು ತಲೆಗೆ ಪೆಟ್ಟಾಗುವುದನ್ನು ತಪ್ಪಿಸಲು ಲೀಗ್ 2009ರಿಂದ ಒಂದೊಂದೇ ನಿಯಮ ಬಿಗಿಮಾಡುತ್ತ ಬಂತು. 2024ರ ಸೂಪರ್ ಬೌಲ್‌ನಲ್ಲಿ ಒಂದೇ ಒಂದು ಕಿಕ್‌ಆಫನ್ನೂ ಯಾರೂ ಹಿಡಿದು ಓಡಲಿಲ್ಲ. ಆ ವರ್ಷವೇ ಎಕ್ಸ್‌ಎಫ್‌ಎಲ್ ಎಂಬ ಸಣ್ಣ ಲೀಗ್‌ನ ಮಾದರಿ ಹಿಡಿದು, ಎರಡೂ ಕಡೆಯವರನ್ನು ಹತ್ತಿರ ಹತ್ತಿರ ನಿಲ್ಲಿಸಿ ಓಟದ ದೂರವನ್ನು ಕುಗ್ಗಿಸುವ ಹೊಸ ಕಿಕ್‌ಆಫ್ ಬಂತು. ಅದನ್ನು ರೂಪಿಸಿದವರಲ್ಲಿ ಡ್ಯಾಲಸ್‌ನ ಜಾನ್ ಫಾಸೆಲ್, ನ್ಯೂ ಆರ್ಲಿಯನ್ಸ್‌ನ ಡ್ಯಾರೆನ್ ರಿಟ್ಸಿಯಂಥ ಸ್ಪೆಷಲ್ ಟೀಮ್ಸ್ ಕೋಚ್‌ಗಳೇ ಮುಂದಿದ್ದರು. ಹಿಡಿದು ಓಡುವ ಪ್ರಮಾಣ ಒಂದೇ ಋತುವಿನಲ್ಲಿ ಶೇ. 22ರ ಆಸುಪಾಸಿನಿಂದ ಸುಮಾರು 33ಕ್ಕೆ ಏರಿತು. ಅದೇ ಋತುವಿನ ನಡುವೆ ನ್ಯೂ ಆರ್ಲಿಯನ್ಸ್ ತನ್ನ ಮುಖ್ಯ ಕೋಚ್ ಅನ್ನು ಕಳಿಸಿ, ರಿಟ್ಸಿಯವರಿಗೆ ತಾತ್ಕಾಲಿಕವಾಗಿ ಜವಾಬ್ದಾರಿ ಕೊಟ್ಟಿತು. ಎಂಟು ಪಂದ್ಯಗಳಲ್ಲಿ ಮೂರು ಗೆದ್ದರು. ಋತು ಮುಗಿದ ಮೇಲೆ ಕಾಯಂ ಹುದ್ದೆ ಇನ್ನೊಬ್ಬರ ಪಾಲಾಯಿತು. ರಿಟ್ಸಿ ಡೆನ್ವರ್‌ಗೆ ಹೋದರು, ಮತ್ತೆ ಸ್ಪೆಷಲ್ ಟೀಮ್ಸ್ ನೋಡಿಕೊಳ್ಳಲು.