ಸಹಜ ಕುಟುಂಬ ಛಾಯಾಗ್ರಹಣ

ಸಹಜ ಕುಟುಂಬ ಛಾಯಾಗ್ರಹಣ ಎಂದರೆ ಮನೆಯವರನ್ನು ಸಾಲಾಗಿ ನಿಲ್ಲಿಸದೆ, ನಗುವಂತೆ ಹೇಳದೆ, ಅವರು ತಮ್ಮ ಕೆಲಸ, ಮಾತು, ಆಟ ಅಥವಾ ವಿಶ್ರಾಂತಿಯಲ್ಲಿ ತೊಡಗಿರುವಾಗಲೇ ಚಿತ್ರ ತೆಗೆಯುವ ಕ್ರಮ. ಆಡುಮಾತಿನಲ್ಲಿ ಇದಕ್ಕೆ ‘ಕ್ಯಾಂಡಿಡ್ ಫೋಟೊ’ ಎಂಬ ಹೆಸರು ರೂಢಿಯಲ್ಲಿದೆ. ಒಂದು ಕಾಲಕ್ಕೆ ಪತ್ರಿಕಾ ಛಾಯಾಗ್ರಾಹಕರಿಗೂ ಸ್ವಂತ ಕ್ಯಾಮೆರಾ ಉಳ್ಳ ಕೆಲವರಿಗೂ ಮಾತ್ರ ಸಾಧ್ಯವಾಗಿದ್ದ ಈ ಕ್ರಮ ಸ್ಮಾರ್ಟ್‌ಫೋನ್ ಬಂದ ಮೇಲೆ ಮನೆಮನೆಯ ಅಭ್ಯಾಸವಾಗಿದೆ. ಈ ಲೇಖನವು ಅದರ ಹಿನ್ನೆಲೆಯನ್ನೂ ವಿಧಾನವನ್ನೂ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮನೆಗಳ ಉದಾಹರಣೆಯೊಂದಿಗೆ ವಿವರಿಸುತ್ತದೆ.

ಹಿನ್ನೆಲೆ

ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಒಂದು ಚಿತ್ರಕ್ಕಾಗಿ ಹಲವು ಸೆಕೆಂಡುಗಳ ಕಾಲ ಅಲುಗಾಡದೆ ಕುಳಿತಿರಬೇಕಾಗಿತ್ತು. ಹಳೆಯ ಭಾವಚಿತ್ರಗಳಲ್ಲಿ ಕಾಣುವ ಬಿಗಿದ ಮುಖಗಳಿಗೆ ಇದೂ ಒಂದು ಕಾರಣ. 1888ರ ಕೊಡಾಕ್ ಮತ್ತು 1900ರ ಅಗ್ಗದ ಬ್ರೌನಿ ಕ್ಯಾಮೆರಾಗಳು ಪಾಶ್ಚಾತ್ಯ ದೇಶಗಳಲ್ಲಿ ಛಾಯಾಗ್ರಹಣವನ್ನು ಮನೆಯೊಳಕ್ಕೆ ತಂದವು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ, 35 ಮಿ.ಮೀ. ಫಿಲ್ಮ್ ಬಳಸುವ, ಕೈಯಲ್ಲಿ ಹಿಡಿಯಬಹುದಾದ ಸಣ್ಣ ಕ್ಯಾಮೆರಾ ಆಗಿತ್ತು. ಜರ್ಮನಿಯ ಎರಿಕ್ ಸಾಲೊಮನ್ ರಾಜಕೀಯ ಸಭೆಗಳಲ್ಲಿ ನಾಯಕರನ್ನು ಅವರು ಮೈಮರೆತಿರುವಾಗ ಚಿತ್ರಿಸಿ ಹೆಸರಾದರು. ಫ್ರಾನ್ಸಿನ ಆಂರಿ ಕಾರ್ಟಿಯೆ ಬ್ರೆಸೋ (1908–2004) ಈ ಬಗೆಯನ್ನು ಕಲೆಯ ಮಟ್ಟಕ್ಕೆ ಏರಿಸಿದರು.

ಕರ್ನಾಟಕದಲ್ಲಿ ಈ ಪರಂಪರೆಯ ಪ್ರಮುಖರು ಮೈಸೂರಿನ ಟಿ. ಎಸ್. ಸತ್ಯನ್ (1923–2009). ರಾಜಕಾರಣಿಗಳನ್ನೂ ಗಣ್ಯರನ್ನೂ ಚಿತ್ರಿಸಿದ್ದರೂ ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಸಾಮಾನ್ಯರ, ಅದರಲ್ಲೂ ಮಕ್ಕಳ ಸಹಜ ಚಿತ್ರಗಳಿಂದ. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಫೋನಿನ ಕ್ಯಾಮೆರಾದ ಕಥೆ ಆರಂಭವಾಗುವುದೇ ಒಂದು ಮನೆಯ ಚಿತ್ರದಿಂದ. 1997ರ ಜೂನ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ, ಹೆರಿಗೆ ಆಸ್ಪತ್ರೆಯಲ್ಲಿ ಆಗತಾನೆ ಹುಟ್ಟಿದ ತನ್ನ ಮಗಳ ಚಿತ್ರವನ್ನು ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್ ಮತ್ತು ಮೊಬೈಲ್ ಫೋನುಗಳನ್ನು ಜೋಡಿಸಿ ಬಂಧುಮಿತ್ರರಿಗೆ ಕಳುಹಿಸಿದರು. 2000ದಲ್ಲಿ ಜಪಾನಿನ ಮಾರುಕಟ್ಟೆಗೆ ಕ್ಯಾಮೆರಾ ಸಹಿತ ಫೋನ್ ಬಂದಿತು.

ಮಂಡ್ಯ ಸೀಮೆಯ ಮನೆಗಳಲ್ಲಿ

ಈ ಭಾಗದ ಹಳ್ಳಿಗಳಲ್ಲಿ ಬಹುಕಾಲ ಛಾಯಾಚಿತ್ರವೆಂದರೆ ಪೇಟೆಯ ಸ್ಟುಡಿಯೊಗೆ ಹೋಗಿ, ಚಿತ್ರ ಬರೆದ ಪರದೆಯ ಮುಂದೆ ಕುಳಿತು ತೆಗೆಸಿಕೊಳ್ಳುವುದೇ ಆಗಿತ್ತು. ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಛಾಯಾಗ್ರಾಹಕರು ಮನೆಗೆ ಬರುತ್ತಿದ್ದರು. ಒಂದು ರೋಲಿನಲ್ಲಿ 12 ಅಥವಾ 36 ಚಿತ್ರಗಳು. ತೊಳೆಸುವುದಕ್ಕೂ ಮುದ್ರಿಸುವುದಕ್ಕೂ ಬೇರೆ ಖರ್ಚು. ಹೀಗಾಗಿ ವಿಶೇಷ ದಿನಗಳು ಮಾತ್ರ ದಾಖಲಾದವು. ರೇಷ್ಮೆ ಸೀರೆಯುಟ್ಟ ಅಜ್ಜಿಯ ಚಿತ್ರ ಕೆಲವು ಮನೆಗಳಲ್ಲಾದರೂ ಇದೆ. ಒಲೆಯ ಮುಂದೆ ಮುದ್ದೆ ಕೋಲು ಹಿಡಿದ ಅಜ್ಜಿಯ ಚಿತ್ರ ಬಹುಪಾಲು ಮನೆಗಳಲ್ಲಿ ಇಲ್ಲ. ಐವತ್ತು ವರ್ಷ ಗದ್ದೆಗೆ ನೀರು ಕಟ್ಟಿದ ರೈತ ಗುದ್ದಲಿ ಹಿಡಿದು ನಿಂತ ಚಿತ್ರವೂ ಅಷ್ಟೇ ಅಪರೂಪ.

ಈ ಕೊರತೆ ತಟ್ಟುವುದು ಸಾಮಾನ್ಯವಾಗಿ ಸಾವಿನ ಮನೆಯಲ್ಲಿ. ಹಿರಿಯರು ತೀರಿಕೊಂಡಾಗ ಹಾರ ಹಾಕಲು, ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಚಿತ್ರಕ್ಕಾಗಿ ಹುಡುಕಾಟ ನಡೆಯುತ್ತದೆ. ಬೇರೇನೂ ಸಿಗದೆ ಮತದಾರರ ಗುರುತಿನ ಚೀಟಿಯ ಅಥವಾ ಆಧಾರ್ ಕಾರ್ಡಿನ ಬೆರಳಗಲದ ಚಿತ್ರವನ್ನೇ ಹಿಗ್ಗಿಸಿ ಚೌಕಟ್ಟು ಹಾಕಿಸುವುದು ಹಳ್ಳಿಗಳಲ್ಲಿ ಕಾಣದ ಸಂಗತಿಯೇನಲ್ಲ. ಹಾಗೆ ಹಿಗ್ಗಿಸಿದ ಮುಖದಲ್ಲಿ ಮನೆಯವರು ಕಂಡ ವ್ಯಕ್ತಿಯ ಗುರುತು ಕಷ್ಟಪಟ್ಟು ಸಿಗುತ್ತದೆ. ಕೈಯಲ್ಲೇ ಕ್ಯಾಮೆರಾ ಇರುವ ಈ ಕಾಲದಲ್ಲೂ ಈ ಸ್ಥಿತಿ ಪೂರ್ತಿ ಬದಲಾಗಿಲ್ಲ. ಫೋನುಗಳಲ್ಲಿ ಸಾವಿರಾರು ಚಿತ್ರಗಳಿದ್ದರೂ ಅವುಗಳಲ್ಲಿ ಯುವಜನರ ಸೆಲ್ಫಿಗಳೂ ಪ್ರವಾಸದ ಚಿತ್ರಗಳೂ ಹೆಚ್ಚು.

ಭಂಗಿಯಿಲ್ಲದ ಮುಖಗಳಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಚಿತ್ರೀಕರಣವಾದ ‘ತಿಥಿ’ (2015) ಚಲನಚಿತ್ರವನ್ನು ನೋಡಬಹುದು. ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರದಲ್ಲಿ ವೃತ್ತಿನಿರತ ನಟರ ಬದಲು ಹಳ್ಳಿಯ ಜನರೇ ನಟಿಸಿದ್ದರು. ಅದು ಸ್ವಿಟ್ಸರ್ಲೆಂಡಿನ ಲೊಕಾರ್ನೊ ಚಲನಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು.

ಬೆಳಕು

ಮನೆಯೊಳಗಿನ ಚಿತ್ರಗಳು ಕೆಡಲು ಮುಖ್ಯ ಕಾರಣ ಬೆಳಕಿನ ಕೊರತೆ. ಫೋನಿನ ಸಂವೇದಕ ಬಹಳ ಚಿಕ್ಕದು. ಬೆಳಕು ಕಡಿಮೆಯಾದಾಗ ಅದು ತೆರೆದಿರುವ ಕಾಲವನ್ನು ಹೆಚ್ಚಿಸಿಕೊಳ್ಳುತ್ತದೆ, ಅಷ್ಟರಲ್ಲಿ ಮಗು ತಲೆ ತಿರುಗಿಸಿದರೆ ಮುಖ ಕಲಸಿಹೋಗುತ್ತದೆ. ಫೋನ್ ಬದಲಿಸುವುದಕ್ಕಿಂತ ಬೆಳಕಿರುವ ಜಾಗವನ್ನು ಗುರುತಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ಹಳೆಯ ತೊಟ್ಟಿಮನೆಗಳು ಈ ದೃಷ್ಟಿಯಿಂದ ಅನುಕೂಲವಾಗಿವೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಂತಹ ಹಳೆಯ ಊರುಗಳಲ್ಲಿ ಇಂತಹ ಮನೆಗಳನ್ನು ಇಂದಿಗೂ ನೋಡಬಹುದು. ನಡುವಿನ ತೆರೆದ ತೊಟ್ಟಿಯಿಂದ ಇಳಿಯುವ ಬೆಳಕು ಗೋಡೆಗಳಿಗೆ ತಾಗಿ ಹರಡಿ ಸುತ್ತಲಿನ ಪಡಸಾಲೆಯನ್ನು ತುಂಬುತ್ತದೆ. ಅಲ್ಲಿ ಕುಳಿತವರ ಮುಖದ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ. ಹೆಂಚಿನ ಮನೆಗಳಲ್ಲಿ ಬೆಳಕಿಗಾಗಿ ಕೂರಿಸಿದ ಗಾಜಿನ ಹೆಂಚಿನ ವಿಷಯ ಬೇರೆ. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲು ನೇರವಾಗಿ ಕೆಳಗಿಳಿದು ಒಂದು ಕೆನ್ನೆಯನ್ನು ಬೆಳ್ಳಗೂ ಉಳಿದ ಮುಖವನ್ನು ಕಪ್ಪಗೂ ಮಾಡುತ್ತದೆ. ಅಡುಗೆಮನೆಯಲ್ಲಿ ಹೊಗೆ ಇದ್ದರೆ ಅದೇ ಬೆಳಕಿನ ಕೋಲು ಅತಿ ಸುಂದರವಾಗಿ ಕಾಣುವುದೂ ಉಂಟು. ಈಚಿನ ತಾರಸಿ ಮನೆಗಳಲ್ಲಿ ಬೆಳಕು ಒಂದೇ ಕಿಟಕಿಯಿಂದ ಬರುವುದು ಸಾಮಾನ್ಯ. ಕಿಟಕಿಯಿಂದ ಒಂದೆರಡು ಹೆಜ್ಜೆ ಹಿಂದೆ ಸರಿದರೂ ಬೆಳಕು ಬೇಗ ಕುಗ್ಗುವುದರಿಂದ, ಕೂದಲು ಬಾಚುವ ಅಥವಾ ಸೊಪ್ಪು ಬಿಡಿಸುವ ಕೆಲಸ ಕಿಟಕಿಯ ಬಳಿಯೇ ನಡೆಯುತ್ತಿರುವಾಗ ಚಿತ್ರ ತೆಗೆಯುವುದು ಉತ್ತಮ.

ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತ ತಾತನನ್ನು ಮನೆಯೊಳಗಿನಿಂದ ಚಿತ್ರಿಸಿದರೆ ಬೀದಿಯ ಬಿಸಿಲನ್ನೇ ಲೆಕ್ಕಕ್ಕೆ ತೆಗೆದುಕೊಂಡ ಫೋನ್, ಮುಖವನ್ನು ಕಪ್ಪಗೆ ಮಾಡುತ್ತದೆ. ಪರದೆಯ ಮೇಲೆ ಮುಖವಿರುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಫೋನ್ ಆ ಭಾಗಕ್ಕೆ ಬೆಳಕನ್ನು ಹೊಂದಿಸುತ್ತದೆ. ಅನೇಕ ಫೋನುಗಳಲ್ಲಿ ಅಲ್ಲೇ ಮೂಡುವ ಸೂರ್ಯನ ಗುರುತನ್ನು ಮೇಲೆ ಅಥವಾ ಕೆಳಗೆ ಸರಿಸಿ ಇನ್ನಷ್ಟು ತಿದ್ದಬಹುದು. ಬಿಳಿ ಗೋಡೆಯ ಮುಂದಿರುವ ಕಪ್ಪು ಮೈಬಣ್ಣದವರ ಚಿತ್ರಕ್ಕೂ ಇದೇ ಉಪಾಯ. ಮುಖವನ್ನು ಬೆಳ್ಳಗೆ ಮಾಡುವ ‘ಬ್ಯೂಟಿ’ ಸೌಲಭ್ಯವನ್ನು ಮಾತ್ರ ನಿಲ್ಲಿಸಿಟ್ಟಿರುವುದು ಒಳ್ಳೆಯದು. ಅದು ಹಿರಿಯರ ಸುಕ್ಕುಗಳನ್ನು ಅಳಿಸಿ, ಮನೆಯವರೇ ಗುರುತಿಸಲಾಗದ ಮುಖವನ್ನು ಕೊಡುತ್ತದೆ.

ಫ್ಲ್ಯಾಷ್ ಬಳಸಿದರೆ ಸಹಜತೆ ಒಂದೇ ಏಟಿಗೆ ಕೊನೆಗೊಳ್ಳುತ್ತದೆ. ಎಲ್ಲರೂ ಇತ್ತ ತಿರುಗುತ್ತಾರೆ. ರಾತ್ರಿ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ದೀಪದ ಕೆಳಗೆ ಕೆಲವೊಮ್ಮೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ. ಭಾರತದ ವಿದ್ಯುತ್ ಸರಬರಾಜು 50 ಹರ್ಟ್ಸ್‌ನದ್ದಾದ್ದರಿಂದ ಇಂತಹ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ವೇಗವನ್ನು ಕೈಯಾರೆ ಹೊಂದಿಸುವ ಸೌಲಭ್ಯವಿದ್ದರೆ 1/50 ಅಥವಾ 1/100 ಸೆಕೆಂಡಿಗೆ ಇಟ್ಟಾಗ ಪಟ್ಟಿಗಳು ಕಾಣುವುದಿಲ್ಲ.

ಫೋನಿನ ಬಳಕೆ

ಮೊದಲ ಕೆಲಸ ಮಸೂರವನ್ನು ಹತ್ತಿಬಟ್ಟೆಯಿಂದ ಒರೆಸುವುದು. ಜೇಬು, ಸೊಂಟ, ಅಡುಗೆಮನೆಯ ಕಟ್ಟೆ ಎಲ್ಲ ಸುತ್ತಿಬಂದ ಫೋನಿನ ಮಸೂರದ ಮೇಲೆ ಎಣ್ಣೆಯ ಪದರ ಇದ್ದೇ ಇರುತ್ತದೆ, ಚಿತ್ರ ಮಂಜುಮಂಜಾಗಲು ಬಹಳ ಸಲ ಅದಷ್ಟೇ ಕಾರಣ.

ಫೋನಿನ ಮುಖ್ಯ ಮಸೂರ ಅಗಲ ನೋಟದ್ದು. ಮುಖದ ತೀರ ಸಮೀಪಕ್ಕೆ ಹಿಡಿದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಐದಾರು ಅಡಿ ದೂರ ನಿಂತು, ಅಗತ್ಯವಿದ್ದರೆ 2 ಪಟ್ಟು ಹಿಗ್ಗಿಸಿ ತೆಗೆದರೆ ಮುಖದ ಪ್ರಮಾಣ ಸರಿಯಿರುತ್ತದೆ. ದೂರ ನಿಲ್ಲುವುದರಿಂದ ಇನ್ನೊಂದು ಲಾಭವೂ ಇದೆ: ಕೆಲಸದಲ್ಲಿರುವವರಿಗೆ ಫೋನ್ ಕಣ್ಣಿಗೆ ಹೊಡೆಯುವುದಿಲ್ಲ. ನೆಲದ ಮೇಲೆ ಕುಳಿತವರನ್ನು ನಿಂತು ತೆಗೆದರೆ ಬೈತಲೆಯೇ ಕಾಣುತ್ತದೆ. ತೆಗೆಯುವವರೂ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಮಕ್ಕಳ ವಿಷಯದಲ್ಲೂ ಅವರ ಕಣ್ಣಿನ ಮಟ್ಟಕ್ಕೆ ಇಳಿಯುವುದು ಅವಶ್ಯ.

ಓಡುವ ಮಕ್ಕಳಿಗೆ, ಕುಣಿಯುವ ಕರುವಿಗೆ ಒಂದರ ಹಿಂದೆ ಒಂದು ಚಿತ್ರ ತೆಗೆಯುವ ‘ಬರ್ಸ್ಟ್’ ಸೌಲಭ್ಯ ಉಪಯುಕ್ತ. ರಾತ್ರಿ ಚಿತ್ರಣದ ‘ನೈಟ್ ಮೋಡ್’ ಅನೇಕ ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವುದರಿಂದ ಮಲಗಿದ ಮಗುವಿಗೆ ಸರಿ, ಆಡುವ ಮಗುವಿಗೆ ಸಲ್ಲದು. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗಲೂ ಅದನ್ನು ನಿಲ್ಲಿಸಿ, ಬೆಂಕಿಯ ಅಂಚನ್ನು ಮುಟ್ಟಿ ಬೆಳಕು ತಗ್ಗಿಸಿದರೆ ಜ್ವಾಲೆಯ ಬಣ್ಣ ಉಳಿಯುತ್ತದೆ. ಅಲ್ಲಿ ಚಿತ್ರಕ್ಕಿಂತ ಮೊದಲು ತೆಗೆಯುವವರು ದನಗಳ ದಾರಿಯಿಂದ ದೂರ ನಿಂತಿರಬೇಕು.

ಸಂದರ್ಭಗಳು

ಸಹಜ ಚಿತ್ರಕ್ಕೆ ಕೈಗಳಿಗೆ ಕೆಲಸವಿರುವ ಹೊತ್ತು ಪ್ರಶಸ್ತ. ಕೈ ಕೆಲಸದಲ್ಲಿದ್ದಾಗ ಮುಖ ತಾನಾಗಿ ಸಡಿಲಗೊಳ್ಳುತ್ತದೆ. ಚಳಿಗಾಲದ ಅವರೆಕಾಯಿ ಕಾಲದಲ್ಲಿ ಮನೆಮಂದಿಯೆಲ್ಲ ಮೊರ ಮತ್ತು ಪಾತ್ರೆಗಳ ಸುತ್ತ ಕುಳಿತು, ನೆನೆಸಿದ ಕಾಳನ್ನು ಹಿತುಕುತ್ತ ಮಾತಾಡುವುದು ಈ ಸೀಮೆಯ ಅಂತಹ ಒಂದು ದೃಶ್ಯ. ಅಲ್ಲಿ ಯಾರಿಗೂ ಎದ್ದುಹೋಗುವ ಅವಸರವಿರುವುದಿಲ್ಲ, ಮೂರು ತಲೆಮಾರುಗಳು ಒಂದೆಡೆ ಇರುತ್ತವೆ, ಬೆರಳಿನ ಸಂದಿಯಿಂದ ಕಾಳು ಚಿಮ್ಮಿದಾಗ ನಗುವೂ ಬರುತ್ತದೆ. ಮುದ್ದೆ ಕಟ್ಟುವುದು, ಹಸು ಕರೆಯುವುದು, ಎಳ್ಳು ಬೀರಲು ಹೊರಟ ಹುಡುಗಿಗೆ ಜಡೆ ಹಾಕುವುದು, ಶಾಲೆಯಿಂದ ಬಂದ ಮಗು ಚೀಲ ಎಸೆಯುವುದು ಇವೂ ಇದೇ ಬಗೆಯವು. ಹಬ್ಬದ ದಿನದ ಪೂಜೆಗಿಂತ ಹಿಂದಿನ ಸಂಜೆಯ ಮಾವಿನ ತೋರಣ ಕಟ್ಟುವ ಗದ್ದಲವೇ ಚಿತ್ರಕ್ಕೆ ಹೆಚ್ಚು ಒದಗುತ್ತದೆ. ಮುಖವೇ ಬೇಕೆಂದಿಲ್ಲ, ಬಳೆ ಸವೆದ ಕೈಯೊಂದು ಸಾಕು.

ಫೋನ್ ಹೊರತೆಗೆದ ಮೊದಲ ಐದು ನಿಮಿಷ ಎಲ್ಲರೂ ಸೆರಗು, ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ತೆಗೆಯುವವರು ಅಲ್ಲೇ ಮಾತಾಡುತ್ತ, ಕೆಲಸಕ್ಕೂ ಕೈ ಹಾಕುತ್ತ ಇದ್ದರೆ ಆ ಎಚ್ಚರ ಕರಗುತ್ತದೆ. ಮನೆಯಲ್ಲಿ ಸದಾ ಚಿತ್ರ ತೆಗೆಯುವವರು ಯಾವ ಚಿತ್ರದಲ್ಲೂ ಇಲ್ಲದಿರುವುದು ಸಾಮಾನ್ಯ ಲೋಪ. ಹತ್ತು ವರ್ಷದ ಮಕ್ಕಳ ಕೈಗೆ ಫೋನ್ ಕೊಟ್ಟರೆ ಈ ಲೋಪ ತುಂಬುತ್ತದೆ. ಅವರು ತೆಗೆದ ಚಿತ್ರ ಓರೆಯಾಗಿದ್ದರೂ ಅಡ್ಡಿಯಿಲ್ಲ.

ಸಾಲಾಗಿ ನಿಂತ ಚಿತ್ರವನ್ನು ಕೀಳೆಂದು ಬಿಡಬೇಕಾಗಿಲ್ಲ. ಯಾರು ಯಾರಿದ್ದರು ಎಂಬುದನ್ನು ಅದರಷ್ಟು ಖಚಿತವಾಗಿ ಬೇರಾವ ಚಿತ್ರವೂ ಹೇಳುವುದಿಲ್ಲ.

ಸಮ್ಮತಿ ಮತ್ತು ಖಾಸಗಿತನ

ಸಹಜ ಚಿತ್ರವೆಂದರೆ ಕದ್ದು ತೆಗೆದ ಚಿತ್ರವಲ್ಲ. ಫೋನ್ ಕೈಯಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿರಬೇಕು, ಬೇಡವೆಂದವರನ್ನು ಬಿಡಬೇಕು. ಫೋಟೊ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ, ಮಗುವಿಗೆ ದೃಷ್ಟಿಯಾಗುತ್ತದೆ ಎಂದು ನಂಬುವ ಹಿರಿಯರೊಡನೆ ವಾದಕ್ಕಿಳಿಯುವುದಕ್ಕಿಂತ ತೆಗೆದ ಚಿತ್ರವನ್ನು ಅವರಿಗೆ ತೋರಿಸಿ, ಬೇಡವೆಂದರೆ ಅಳಿಸುವುದು ಲೇಸು. ರೋಗಿಗಳ, ಮರೆವಿನ ಕಾಯಿಲೆಯವರ ಚಿತ್ರಗಳಲ್ಲಿ ವಿಶೇಷ ಎಚ್ಚರ ಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು ಅವರ ಸಮ್ಮತಿಯಿಲ್ಲದೆ ತೆಗೆಯುವುದು ಅಥವಾ ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷಗಳವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡಕ್ಕೂ ಗುರಿಮಾಡುವ ಅಪರಾಧ. ಕಾನೂನಿನ ಮಾತು ಹಾಗಿರಲಿ, ಅಜ್ಜಿ ಕಾಲು ನೀಡಿ ಕೂಸಿಗೆ ನೀರು ಹಾಕುವ ಚಿತ್ರ ಮನೆಯ ಆಲ್ಬಮ್ಮಿನಲ್ಲಿರಬೇಕಾದದ್ದು, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಲ್ಲ. ಆ ಕೂಸಿಗೆ ಮುಂದೆ ಇಪ್ಪತ್ತು ವರ್ಷವಾಗುತ್ತದೆ. ಸ್ಥಳದ ಅನುಮತಿ ಕೊಟ್ಟಿದ್ದರೆ ಫೋನ್ ಚಿತ್ರದೊಳಗೆ ಮನೆಯ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತದೆ ಎಂಬುದು ನೆನಪಿರಬೇಕು.

ಸಂರಕ್ಷಣೆ

ಹಳೆಯ ಚಿತ್ರಗಳು ಗೆದ್ದಲು, ತೇವಗಳಿಂದ ನಾಶವಾದರೆ ಇಂದಿನವು ಫೋನ್ ಕಳೆದಾಗ, ನೀರಿಗೆ ಬಿದ್ದಾಗ, ಜಾಗ ಸಾಲದೆ ಅಳಿಸಿದಾಗ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಚಿತ್ರಗಳ ಪ್ರತಿಯನ್ನು ಇನ್ನೊಂದು ಕಡೆ, ಕಂಪ್ಯೂಟರಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಅಂತರ್ಜಾಲದ ಸಂಗ್ರಹದಲ್ಲೋ ಇಡಬೇಕು. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ; ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಗಾತ್ರ ಉಳಿಯುತ್ತದೆ.

ಉತ್ತಮವಾದ ಕೆಲವನ್ನಾದರೂ ಮುದ್ರಿಸಿಡುವುದು ಸೂಕ್ತ. 4×6 ಅಂಗುಲದ ಪ್ರತಿಗೆ ಅಂಗುಲಕ್ಕೆ 300 ಚುಕ್ಕೆಗಳಂತೆ 1200×1800 ಪಿಕ್ಸೆಲ್ ಸಾಕಾಗುತ್ತದೆ. ಇದು ಸಾಧಾರಣ ಫೋನಿಗೂ ಸುಲಭ. ಹಿಂದಿನವರು ಚಿತ್ರದ ಬೆನ್ನಿಗೆ ಶಾಯಿಯಲ್ಲಿ ಹೆಸರು, ಊರು, ತಾರೀಕು ಬರೆಯುತ್ತಿದ್ದರು. ಫೋನ್ ತಾರೀಕನ್ನು ತಾನೇ ದಾಖಲಿಸುತ್ತದೆ, ಆದರೆ ಚಿತ್ರದ ಅಂಚಿನಲ್ಲಿ ಮೊರ ಹಿಡಿದು ಕುಳಿತವರು ಅಜ್ಜಿಯ ತಂಗಿಯೋ ಪಕ್ಕದ ಮನೆಯವರೋ ಎಂಬುದನ್ನು ಅದು ಬರೆಯುವುದಿಲ್ಲ. ಅದನ್ನು ಹೇಳಬಲ್ಲವರು ಇರುವಾಗಲೇ ಕೇಳಿ, ಪ್ರತಿಯ ಹಿಂದೆ ಬರೆದಿಡಬೇಕಾಗುತ್ತದೆ.